ಹೊಡೆದವರೇ ಹಚ್ಚುವ ಎಣ್ಣೆ

ನನ್ನ ಎರಡೂ ಕಾಲುಗಳಲ್ಲಿ, ಮೊಣಕಾಲಿನಿಂದ ಗೇಣುದ್ದ ಕೆಳಗಿನವರೆಗೆ, ಚರ್ಮಕ್ಕೆ ಏನೂ ಗೊತ್ತಾಗುವುದಿಲ್ಲ. ಹೋದ ವರ್ಷ ಬಚ್ಚಲಲ್ಲಿ ಕುದಿಯುವ ನೀರು ಚೆಲ್ಲಿ ಬೊಬ್ಬೆ ಎದ್ದದ್ದನ್ನು ನನಗೆ ತೋರಿಸಿದ್ದು ಅವ್ವ. ಡಾಕ್ಟರು ಸೂಜಿಯ ಮೊನೆ ತಾಗಿಸಿ ನೋಡಿ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಇಲ್ಲ, ಕರಾಟೆ ಇತ್ತು ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನಾನು ಕರಾಟೆ ಕಲಿಯುತ್ತಿದ್ದ ವರ್ಷಗಳಲ್ಲಿ ಹೈದರಾಬಾದಿನ ಪಶ್ಚಿಮಕ್ಕಿದ್ದ ಬಂಡೆಗಳನ್ನೆಲ್ಲ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಊರಿನ ಅರ್ಧ ಹುಡುಗ ಹುಡುಗಿಯರ ಕೊರಳಲ್ಲಿ ಕಂಪನಿಯ ಕಾರ್ಡು ನೇತಾಡುತ್ತಿತ್ತು. ನನ್ನ ಕೊರಳಲ್ಲೂ ಒಂದಿತ್ತು, ಆದರೆ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಿಮಾಯತ್‌ನಗರದ ಒಂದು ಕಟ್ಟಡದಲ್ಲಿ ಕುಳಿತು, ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಗೊಣಗಿ ಕಳಿಸಿದ ಧ್ವನಿಯನ್ನು ಕೇಳಿ ಟೈಪು ಮಾಡುವುದು ನನ್ನ ಕೆಲಸ. ಕಾಲಡಿ ಒಂದು ಪೆಡಲ್ ಇರುತ್ತಿತ್ತು. ಒತ್ತಿದರೆ ದನಿ ಹಿಂದಕ್ಕೆ ಹೋಗಿ ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಿತ್ತು. ಕಾರು ಗುದ್ದಿದವರು, ಮಂಚದಿಂದ ಬಿದ್ದವರು, ಮೆಟ್ಟಿಲು ಜಾರಿದೆ ಎಂದು ಹೇಳುವ ಹೆಂಗಸರು. ಗಾಯ ಎಲ್ಲಿದೆ, ಎಷ್ಟು ಅಗಲ, ಯಾವ ಬಣ್ಣ, ಎಷ್ಟು ದಿನದ್ದು, ಬೆರಳಿನ ಆಕಾರದಲ್ಲಿದೆಯೇ, ಇದೆಲ್ಲ ದಿನಕ್ಕೆ ಹತ್ತಾರು ಬಾರಿ ನನ್ನ ಕೈಯಿಂದ ಹಾದುಹೋಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ನನಗೆ ಇಂಥವೆಲ್ಲ ತಿಳಿಯುತ್ತಿರಲಿಲ್ಲ ಎಂದು ಆಮೇಲೆ ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ನಮ್ಮ ಮನೆ ಕುಷಾಯಿಗೂಡದಲ್ಲಿ. ಅಪ್ಪ ಅಲ್ಲಿನ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಬಾಗಲಕೋಟೆ ಕಡೆಯ ಊರು ಬಿಟ್ಟು ಬಂದವರು. ಬರುವ ಮುಂಚೆ ಊರಿನ ಗರಡಿಯಲ್ಲಿ ಹತ್ತು ವರ್ಷ ಮಣ್ಣು ಮೆತ್ತಿಕೊಂಡಿದ್ದರು. ಒಬ್ಬಳೇ ಮಗಳಿಗೆ ಕುಸ್ತಿ ಕಲಿಸಲು ಅವ್ವ ಬಿಡಲಿಲ್ಲವಾದ್ದರಿಂದ ಕರಾಟೆಗೆ ಹಾಕಿದರು. ಹಿಮಾಯತ್‌ನಗರದಲ್ಲಿ ಸೀರೆ ಅಂಗಡಿ, ಅದರ ಮೇಲೆ ಕಂಪ್ಯೂಟರ್ ಕಲಿಸುವ ಶಾಲೆ, ಅದರ ಮೇಲಿನ ತಾರಸಿಯಲ್ಲಿ ನಮ್ಮ ಕ್ಲಾಸು. ಮಂಗಳವಾರ, ಗುರುವಾರ, ಶನಿವಾರ, ಬೆಳಗಿನ ಆರರಿಂದ. ನಾನು ಮೊದಲ ಬಸ್ಸು ಹಿಡಿದು ಹೋಗಿ, ಅಭ್ಯಾಸ ಮುಗಿಸಿ, ಸೀರೆ ಅಂಗಡಿಯ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದು ಅಲ್ಲಿಂದಲೇ ಆಫೀಸಿಗೆ ಹೋಗುತ್ತಿದ್ದೆ.

ಮಾಸ್ಟರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಸಣ್ಣ ಆಳು, ತೆಲುಗು ಬೆರೆತ ಹೈದರಾಬಾದಿ ಹಿಂದಿ. ಒದೆಯುವುದು, ಗುದ್ದುವುದು ಯಾರಿಗಾದರೂ ಬರುತ್ತದೆ, ಮೊದಲು ಮೈ ತಯಾರಾಗಬೇಕು ಎಂಬುದು ಅವರ ನಂಬಿಕೆ. ಹಾಗಾಗಿ ಒಂದು ಗಂಟೆಯ ಕ್ಲಾಸಿನಲ್ಲಿ ಅರ್ಧ ಗಂಟೆ ನಾವು ಬರೀ ಪೆಟ್ಟು ತಿನ್ನುತ್ತಿದ್ದೆವು. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ಬಡಿಯಬೇಕು, ಒಳಗಡೆಯಿಂದ ಒಮ್ಮೆ, ಹೊರಗಡೆಯಿಂದ ಒಮ್ಮೆ, ನೂರು ಸಲ. ಆಮೇಲೆ ಒಬ್ಬರು ಕಾಲು ಅಗಲಿಸಿ ಕೂರುವಂತೆ ನಿಂತು, ಇನ್ನೊಬ್ಬರು ಹೊಟ್ಟೆಗೂ ಪಕ್ಕೆಗೂ ಗುದ್ದಬೇಕು. ಪೆಟ್ಟು ತಿನ್ನುವವರು ಉಸಿರು ಹೊರಗೆ ಬಿಟ್ಟು ಹೊಟ್ಟೆ ಬಿಗಿಹಿಡಿದು 'ಊಸ್' ಎನ್ನುತ್ತಾರೆ. ನಾನು ತಯಾರು, ಹೊಡಿ ಎಂದು ಅದರ ಅರ್ಥ. ಕೊನೆಗೆ ಕಾಲಿನ ಎಲುಬಿಗೆ ತೆಳು ಬೆತ್ತಗಳ ಕಟ್ಟಿನಿಂದ ಹೊಡೆತ. ಮನೆಯಲ್ಲಿ ಅದೇ ಎಲುಬಿನ ಮೇಲೆ ಬಾಟಲಿ ಉರುಳಿಸಿ ಒತ್ತಬೇಕೆಂದು ಹೇಳಿದ್ದರು. ನಮ್ಮ ಮನೆಯಲ್ಲಿ ದಿನಾ ಕೈಯಲ್ಲಿ ಬಡಿಯುವ ಜೋಳದ ರೊಟ್ಟಿಯಾದ್ದರಿಂದ ಲಟ್ಟಣಿಗೆ ಸುಮ್ಮನೆ ಬಿದ್ದಿರುತ್ತಿತ್ತು. ನಾನು ಅದನ್ನೇ ಕಾಲಿಗೆ ಹಚ್ಚಿದೆ. ಅವ್ವ ನೋಡಿದ ದಿನ ಅದನ್ನು ಕಿತ್ತುಕೊಂಡು ಹೊಸದು ತಂದಳು, ಹಳೆಯದನ್ನು ನನ್ನ ಹಾಸಿಗೆಯ ಮೇಲೆ ಎಸೆದಳು.

ಎರಡು ಮಾತು ಮಾಸ್ಟರ ಬಾಯಲ್ಲಿ ಸದಾ ಇರುತ್ತಿದ್ದವು. ಹಟ್ನಾ ನಕ್ಕೋ, ಅಂದರೆ ಸರಿಯಬೇಡ. ಆವಾಜ್ ನಕ್ಕೋ, ಸದ್ದು ಮಾಡಬೇಡ. ಪೆಟ್ಟು ಬರುವಾಗ ಅರ್ಧ ಹೆಜ್ಜೆ ಹಿಂದೆ ಸರಿದರೂ ಮತ್ತೆ ಮೊದಲಿನಿಂದ ಎಣಿಕೆ. ಮುಖ ಕಿವುಚಿದರೂ ಅಷ್ಟೇ. ಜಗತ್ತಿನಲ್ಲಿ ಕಾದಾಟ ಕಲಿಸುವವರೆಲ್ಲ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವುದನ್ನೂ ಕಲಿಸುತ್ತಾರಂತೆ. ನಮಗೆ ಅದನ್ನು ಕಲಿಸಿದ್ದು ಬಹಳ ಕಡಿಮೆ. ಏಕೆ ಕಲಿಸುವುದಿಲ್ಲ ಎಂದು ನಾವು ಕೇಳಲೂ ಇಲ್ಲ, ಕೇಳಿದವರು ಹೇಡಿಗಳೆನ್ನಿಸಿಕೊಳ್ಳುತ್ತಿದ್ದರು.

ಇನ್ನೊಂದು ಕಟ್ಟಳೆ ಇತ್ತು. ಕ್ಲಾಸು ಮುಗಿದ ಮೇಲೆ ಸಾಸಿವೆ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದ ಬಾಟಲಿ ಕೈಯಿಂದ ಕೈಗೆ ಬರುತ್ತಿತ್ತು. ಪೆಟ್ಟು ತಿಂದವರು ಆ ಎಣ್ಣೆಯನ್ನು ತಾವೇ ಹಚ್ಚಿಕೊಳ್ಳುವಂತಿಲ್ಲ. ಹೊಡೆದವರೇ ಹಚ್ಚಬೇಕು. ತಾನು ಎಲ್ಲಿ ಎಷ್ಟು ಹೊಡೆದೆ ಎಂಬುದು ಹೊಡೆದವರ ಬೆರಳಿಗೆ ತಿಳಿಯಬೇಕು, ಮನಸ್ಸಿನಲ್ಲಿ ಸಿಟ್ಟು ಉಳಿಯಬಾರದು ಎಂದು ಮಾಸ್ಟರು ಹೇಳುತ್ತಿದ್ದರು. ಈಗ ಯೋಚಿಸಿದರೆ, ಅಲ್ಲಿ ಕಲಿತದ್ದರಲ್ಲಿ ಮನುಷ್ಯರು ಮಾಡುವಂಥ ಕೆಲಸ ಅದೊಂದೇ ಇತ್ತು. ಅದೂ ಕೊನೆಗೆ ಏನು ಮಾಡಿತು ಎಂಬುದನ್ನು ಹೇಳುತ್ತೇನೆ.

ಕಂಪ್ಯೂಟರ್ ಕಂಪನಿಗಳ ಹುಡುಗ ಹುಡುಗಿಯರು ಆಗ ಗುಂಪುಗುಂಪಾಗಿ ಬಂದು ಸೇರುತ್ತಿದ್ದರು, ಗರಿಗರಿ ಬಿಳಿ ಬಟ್ಟೆ ತೊಟ್ಟುಕೊಂಡು. ಬೆತ್ತದ ಕಟ್ಟು ಹೊರಗೆ ಬಂದ ವಾರವೇ ಗಾಯಬ್. ಹಾಗೆ ಬಂದವರಲ್ಲಿ ಉಳಿದವಳು ಒಬ್ಬಳೇ, ಮೈಸೂರಿನವಳು. ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ನನಗಿಂತ ಎತ್ತರ, ಕೆಲಸ ಗಾಜಿನ ಕಟ್ಟಡವೊಂದರಲ್ಲಿ. ತಾರಸಿಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ ಆದ್ದರಿಂದ ಮಾಸ್ಟರು ನಮ್ಮನ್ನು ಜೋಡಿ ಮಾಡಿದರು. ನನ್ನ ಕನ್ನಡ ಕೇಳಿ ಆಕೆ ಮೊದಲ ದಿನ ನಗು ತಡೆಯಲಾರದೆ ಹೊಟ್ಟೆ ಸಡಿಲಬಿಟ್ಟಳು, ನಾನು ಅದೇ ಹೊತ್ತಿಗೆ ಗುದ್ದಿದೆ. ಮುಂದೆ ನಾಲ್ಕು ವರ್ಷ ನಾವು ಜೋಡಿ.

ನಾಲ್ಕು ವರ್ಷ ವಾರಕ್ಕೆ ಮೂರು ದಿನ ಒಬ್ಬರ ಮೈಯನ್ನು ಹೊಡೆದು, ಅದಕ್ಕೆ ಎಣ್ಣೆ ಹಚ್ಚಿದರೆ ಆ ಮೈ ಬಾಯಿಪಾಠವಾಗುತ್ತದೆ. ಆಕೆಯ ಬಲ ಮುಂಗೈಯಲ್ಲಿ ಎಲುಬು ಸ್ವಲ್ಪ ಉಬ್ಬಿದ್ದು, ಎಡ ಹೊಟ್ಟೆ ಬಲಕ್ಕಿಂತ ಒಂದು ಕ್ಷಣ ತಡವಾಗಿ ಬಿಗಿಯಾಗುವುದು, ಎಲ್ಲ ನನಗೆ ಗೊತ್ತಿತ್ತು. ಕಲೆಗಳ ವಯಸ್ಸು ಕೂಡ. ಮೊದಲ ದಿನ ಕೆಂಪು, ಮರುದಿನ ಬದನೆಕಾಯಿ ಬಣ್ಣ, ನಾಲ್ಕೈದು ದಿನಕ್ಕೆ ಹಸಿರು, ವಾರ ಕಳೆದರೆ ಹಳದಿ. ಇದು ಶನಿವಾರದ್ದು, ಇದು ಹೋದ ಗುರುವಾರದ್ದು ಎಂದು ಎಣ್ಣೆ ಹಚ್ಚುತ್ತ ಹೇಳುತ್ತಿದ್ದೆ. ನಿನ್ನ ಕೈಬರಹ ಚೆನ್ನಾಗಿಲ್ಲ ಕಣೇ ಎಂದು ಆಕೆ ರೇಗಿಸುತ್ತಿದ್ದಳು. ಹೀಗೆ ಹಚ್ಚಿಸಿಕೊಳ್ಳುವಾಗ ಒಮ್ಮೊಮ್ಮೆ ಆಕೆಗೆ ನಿದ್ದೆಯೇ ಬಂದುಬಿಡುತ್ತಿತ್ತು. ಅಕ್ಕತಂಗಿಯರಿಲ್ಲದ ನನಗೆ ಅಂಥ ಸಲಿಗೆ ಇನ್ಯಾರ ಜೊತೆಗೂ ಇರಲಿಲ್ಲ. ಆಕೆಯನ್ನು ನಾನು ಪ್ರೀತಿಸುತ್ತಿದ್ದೆ. ಆಕೆಯ ಮೇಲೆ ನನ್ನ ಹಕ್ಕಿದೆ ಎಂದೂ ತಿಳಿದಿದ್ದೆ.

ಮೂರನೆಯ ವರ್ಷದ ಕೊನೆಗೆ ಆಕೆಗೆ ಮದುವೆಯಾಯಿತು. ಗಂಡ ಬೆಂಗಳೂರಿನವನು, ಅದೇ ಕಂಪ್ಯೂಟರಿನ ಕೆಲಸ, ಊರಾಚೆಯ ಹೊಸ ಬಡಾವಣೆಯಲ್ಲಿ ಒಂಬತ್ತನೆಯ ಮಹಡಿಯ ಮನೆ. ಮದುವೆಯಾದ ಹೊಸತರಲ್ಲಿ ಒಂದು ಶನಿವಾರ ಆಕೆಯನ್ನು ಬಿಡಲು ಬಂದವನು ತಾರಸಿಯ ಬಾಗಿಲಲ್ಲೇ ನಿಂತು ಪೂರ್ತಿ ಕ್ಲಾಸು ನೋಡಿದ. ನಗುಮುಖ, ಒಳ್ಳೆಯ ಮಾತು. ಹೇಗಿದ್ದಾಳೆ ನಿಮ್ಮ ಜೋಡಿ ಎಂದು ನನ್ನನ್ನೇ ಕೇಳಿದ. ನನಗೆ ಹೆಮ್ಮೆ ಉಕ್ಕಿ ಬಂತು.

"ಹೊಡಿಯೂದ್ರಾಗ ಅಷ್ಟಕ್ಕಷ್ಟ ರೀ," ಎಂದೆ. "ತಡಕೊಳ್ಳೂದ್ರಾಗ ಮಾತ್ರ ನಂಬರ್ ಒನ್. ಎಷ್ಟ ಹೊಡದ್ರೂ ಒಂದ್ ಸಪ್ಪಳ ಮಾಡೂದಿಲ್ರಿ ಆಕಿ."

ಅವನು ಹೌದಾ ಎಂದು ನಕ್ಕು ಹೆಂಡತಿಯ ಕಡೆ ನೋಡಿದ. ಈ ಮಾತನ್ನು ನಾನು ಪೆಡಲ್ ಒತ್ತಿ ಹಿಂದಕ್ಕೆ ತಂದು ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ನಾವಿಬ್ಬರೂ ಕಂದು ಪಟ್ಟಿಯವರು, ಅಂದರೆ ಬ್ರೌನ್ ಬೆಲ್ಟು. ಮುಂದಿನದು ಕಪ್ಪು. ಪರೀಕ್ಷೆಗೆ ಹೊರಗಿನಿಂದ ದೊಡ್ಡ ಮಾಸ್ಟರು ಬರುವವರಿದ್ದರು. ಹೆಂಗಸರಲ್ಲಿ ಈ ಸಲ ಒಬ್ಬರನ್ನು ಮಾತ್ರ ಕಳಿಸುತ್ತೇನೆ, ಯಾರ ಮೈ ತಯಾರಾಗಿದೆ ಎಂದು ನಾನೇ ನೋಡುತ್ತೇನೆ ಎಂದು ನಮ್ಮ ಮಾಸ್ಟರು ಎಲ್ಲರೆದುರು ಹೇಳಿದರು. ನಮ್ಮ ಕ್ಲಾಸಿನಲ್ಲಿ ಆವರೆಗೆ ಕಪ್ಪು ಪಟ್ಟಿ ಕಟ್ಟಿದ ಹೆಂಗಸಿರಲಿಲ್ಲ. ಇಷ್ಟು ಹೊತ್ತಿಗೆ ನನ್ನ ವಾರಿಗೆಯವರೆಲ್ಲ ಅಮೆರಿಕ, ಫ್ಲ್ಯಾಟು, ಕಾರು ಎನ್ನುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಎರಡು ಮರಗಟ್ಟಿದ ಕಾಲು. ಆ ಪಟ್ಟಿ ಆಕೆಗೆ ಇನ್ನೊಂದು ಒಡವೆ, ನನಗೆ ಅದೊಂದೇ ಎಂದು ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತು.

ಆಗಲೇ ಆಕೆಯ ಮೈಮೇಲೆ ನನ್ನದಲ್ಲದ ಕಲೆಗಳು ಕಾಣತೊಡಗಿದವು.

ಮೊದಲನೆಯದು ಬಲ ತೋಳಿನ ಒಳಗಡೆ. ಮಂಗಳವಾರ ಬೆಳಿಗ್ಗೆ ಅದು ಬದನೆಕಾಯಿ ಬಣ್ಣದಲ್ಲಿತ್ತು, ಅಂದರೆ ಭಾನುವಾರದ್ದು. ಭಾನುವಾರ ನಮಗೆ ಕ್ಲಾಸಿಲ್ಲ. ಅಲ್ಲಿ ನಾನು ಹೊಡೆಯುವುದೂ ಇಲ್ಲ. ಇದು ಯಾರದ್ದೇ ಎಂದು ಕೇಳಿದೆ. ನಿನ್ನದೇ ಇರಬೇಕು ಎಂದು ಆಕೆ ಅಂಗಿಯ ತೋಳು ಇಳಿಸಿಕೊಂಡಳು. ಮುಂದಿನ ವಾರ ಬೆನ್ನಿನ ಮೇಲೆ ಒಂದು. ಅದರ ಮುಂದಿನ ವಾರ ಸೊಂಟದ ಹತ್ತಿರ. ಎಲ್ಲ ಕ್ಲಾಸಿಲ್ಲದ ದಿನಗಳವು. ಬೇರೆ ಯಾರಾದರೂ ಆಗಿದ್ದರೆ ಅವರಿಗೆ ಏನು ತೋಚುತ್ತಿತ್ತೋ ಅದು ನನಗೆ ತೋಚಲಿಲ್ಲ. ಹೊಡೆತವೆಂದರೆ ಅಭ್ಯಾಸ, ಕಲೆಯೆಂದರೆ ಅಭ್ಯಾಸದ ಗುರುತು ಎಂದು ನಾಲ್ಕು ವರ್ಷ ಕಲಿತ ತಲೆ ಅದು. ನನಗೆ ತೋಚಿದ್ದು ಒಂದೇ. ಆಕೆ ಇನ್ಯಾರನ್ನೋ ಜೋಡಿ ಮಾಡಿಕೊಂಡಿದ್ದಾಳೆ. ಪರೀಕ್ಷೆಯಲ್ಲಿ ನನ್ನನ್ನು ಹಿಂದೆ ಹಾಕಲು, ನನಗೆ ಹೇಳದೆ, ಬೇರೆ ಕಡೆ ಮೈ ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ.

ಒಂದು ಭಾನುವಾರ ಆಕೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅವ್ವನ ಎಣ್ಣೆಗಾಯಿ ಎಂದರೆ ಆಕೆಗೆ ಪ್ರಾಣ. ಊಟವಾದ ಮೇಲೆ ಅಂಗಳದಲ್ಲಿ ಕೈ ತೊಳೆಯಲು ಬಗ್ಗಿದಾಗ ಬಟ್ಟೆಯ ತೋಳು ಮೇಲೆ ಸರಿಯಿತು. ಅಪ್ಪ ತಂಬಿಗೆ ಹಿಡಿದು ನೀರು ಹಾಕುತ್ತಿದ್ದರು. ಆಕೆ ಬಸ್ಸು ಹತ್ತಿ ಹೋದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಹುಡುಗಿ ತೋಳ ನೋಡೀದಿ?" ಎಂದು ಕೇಳಿದರು. "ಅದು ಗುದ್ದಿದ್ದಲ್ಲ ಯವ್ವಾ. ಹಿಡದದ್ದು. ನಾಕ ಬೆರಳ ಈ ಕಡೆ, ಹೆಬ್ಬೆರಳ ಆ ಕಡೆ ಮೂಡ್ಯಾವು."

ಹತ್ತು ವರ್ಷ ಗರಡಿಯಲ್ಲಿ ಹಿಡಿಸಿಕೊಂಡ ಮನುಷ್ಯ, ಕಣ್ಣು ತಪ್ಪಲಿಲ್ಲ. ಆದರೆ ಮುಂದಿನ ಮಾತನ್ನು ಮಗಳ ಹತ್ತಿರ ಆಡಲು ಅವರಿಗೆ ಸಂಕೋಚ. ಇಷ್ಟು ಹೇಳಿದರೆ ತಿಳಿದುಕೊಳ್ಳುತ್ತಾಳೆ ಎಂದು ತಂಬಿಗೆ ಕೆಳಗಿಟ್ಟು ಒಳಗೆ ಹೋದರು. ನಾನು ತಿಳಿದುಕೊಂಡೆ. ಹಿಡಿದದ್ದು ಎಂದರೆ ಕುಸ್ತಿಯ ಹಾಗೆ ಹಿಡಿದು ಕೆಡವುವ ವಿದ್ಯೆ. ಊರಿನಲ್ಲಿ ಆಗ ಜೂಡೋ ಕಲಿಸುವ ಕಡೆಯೂ ಒಂದೆರಡಿದ್ದವು. ಅಂದರೆ ಆಕೆ ಕದ್ದು ಕಲಿಯುತ್ತಿರುವುದು ಜೂಡೋ. ಅಪ್ಪನಂಥ ಅಪ್ಪ ತನ್ನ ಅನುಭವದಿಂದ ಒಂದು ಸತ್ಯ ತೆಗೆದು ಕೈಗಿಟ್ಟರೆ, ಅದನ್ನೂ ನಾನು ಹೊಟ್ಟೆಕಿಚ್ಚಿನ ಒಲೆಗೆ ಹಾಕಿದೆ.

ಅಂದಿನಿಂದ ನಾನು ಕೈ ತಡೆದು ಹೊಡೆಯುವುದನ್ನು ಬಿಟ್ಟೆ. ಮುಂಗೈ ಬಡಿಯುವಾಗ ಎಲುಬಿನ ಉಬ್ಬಿಗೇ ಗುರಿಯಿಟ್ಟು ಬಡಿದೆ. ಆಕೆ ಒಮ್ಮೆ ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಮೆಲ್ಲಗೆ ಹೊಡಿ ಎಂದೂ ಹೇಳಲಿಲ್ಲ. ಮೊದಲಾದರೆ ನಗುತ್ತಿದ್ದ ಹುಡುಗಿ ಈಗ ಸುಮ್ಮನಿರುವುದು ಕಂಡು, ಅದನ್ನೂ ನಾನು ಸೊಕ್ಕು ಎಂದುಕೊಂಡೆ. ಮಾಸ್ಟರಿಗೆ ಮಾತ್ರ ಬಹಳ ಸಂತೋಷ. ನೋಡಿ, ಇದು ತಯಾರಿ ಎಂದು ಹೊಸಬರಿಗೆ ನಮ್ಮಿಬ್ಬರನ್ನು ತೋರಿಸುತ್ತಿದ್ದರು.

ಪರೀಕ್ಷೆಗೆ ಮೂರು ವಾರವಿದ್ದಾಗ ಅವರು ಕಂದು ಪಟ್ಟಿಯವರಿಗೆ ಹೊಸ ನಿಯಮ ತಂದರು. ಇನ್ನು ಮೇಲೆ 'ಊಸ್' ಎನ್ನುವವರೆಗೆ ಕಾಯುವಂತಿಲ್ಲ. ಹೊಡೆಯುವವರು ಯಾವಾಗ ಬೇಕಾದರೂ ಹೊಡೆಯಬಹುದು. ಬೀದಿಯಲ್ಲಿ ಹೊಡೆಯುವವನು ಕೇಳಿ ಹೊಡೆಯುತ್ತಾನೆಯೇ, ಮೈ ಯಾವಾಗಲೂ ಬಿಗಿಯಾಗಿಯೇ ಇರಬೇಕು ಎಂದರು. ಯಾವಾಗಲೂ ಬಿಗಿಯಾಗಿಯೇ ಇರುವ ಮೈ ಹೇಗಿರುತ್ತದೆ ಎಂದು ನನ್ನೆದುರಿಗೆ ನಿಂತವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು ಎಂಬುದು ಈಗ ಹೊಳೆಯುತ್ತದೆ.

ಆ ವಾರದ ಮಂಗಳವಾರ ಎಣ್ಣೆ ಹಚ್ಚುವಾಗ ಎಡಪಕ್ಕೆಯಲ್ಲಿ, ತೋಳಿನ ಕೆಳಗೆ, ಮುಷ್ಟಿಯಷ್ಟು ಅಗಲದ ಕಲೆ ಕಂಡಿತು. ಮುಟ್ಟಿದರೆ ಆಕೆ ಉಸಿರು ಹಿಡಿದಳು. ನನ್ನದಲ್ಲ. ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಎರಡು ದಿನ ಟೈಪು ಮಾಡುತ್ತ ಅದನ್ನೇ ಯೋಚಿಸಿದೆ. ಯಾರೋ ನನ್ನ ಜಾಗದಲ್ಲಿ ನಿಂತು ನನ್ನ ಜೋಡಿಯನ್ನು ಹೊಡೆಯುತ್ತಿದ್ದಾರೆ, ಆಕೆ ಅವರೆದುರು ನಿಂತು ಪೆಟ್ಟು ತಿನ್ನುತ್ತಿದ್ದಾಳೆ. ಗಂಡಸರು ಹೆಂಗಸರ ವಿಷಯಕ್ಕೆ ಹೀಗೆ ಉರಿಯುತ್ತಾರೆ ಎಂದು ಕೇಳಿದ್ದೆ. ನಾನು ಹೊಡೆತದ ವಿಷಯಕ್ಕೆ ಉರಿದೆ.

ಗುರುವಾರ ಆಕೆ ನನ್ನೆದುರು ಕಾಲು ಅಗಲಿಸಿ ನಿಂತಳು. ಮಾಸ್ಟರು ಪಕ್ಕದಲ್ಲೇ ಇದ್ದರು, ಸುತ್ತ ಇಪ್ಪತ್ತು ಜನ. ಆಕೆ ಪಟ್ಟಿ ಸರಿಪಡಿಸಿಕೊಳ್ಳಲೆಂದು ಒಂದು ಕ್ಷಣ ಕೆಳಗೆ ನೋಡಿದಳು. ಉಸಿರು ಒಳಗೆ ಹೋಗುತ್ತಿತ್ತು. ಪಕ್ಕೆ ತೆರೆದುಕೊಳ್ಳುವ ಹೊತ್ತು ಅದು, ನನಗೆ ಚೆನ್ನಾಗಿ ಗೊತ್ತಿರುವ ಹೊತ್ತು. ಆ ಕಲೆಯ ಮೇಲೆಯೇ, ಸರಿಯಾಗಿ ನಡುವಿಗೆ, ನಾಲ್ಕು ವರ್ಷದಲ್ಲಿ ಎಂದೂ ಹೊಡೆಯದಷ್ಟು ಬಲವಾಗಿ ಹೊಡೆದೆ. ಗುದ್ದು ತಾಗಿದಾಗ ಕೈಗೆ ಏನೋ ಬೇರೆ ತಿಳಿಯಿತು. ಹಸಿ ಕಡ್ಡಿ ಬಗ್ಗಿಸಿದಾಗ ಆಗುವಂಥದ್ದು. ಆಕೆ ಸರಿಯಲಿಲ್ಲ. ಸದ್ದು ಮಾಡಲಿಲ್ಲ. ಮುಖ ಬೆಳ್ಳಗಾಯಿತು, ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಬಹಳ ಸಣ್ಣ ದನಿಯಲ್ಲಿ ಊಸ್ ಎಂದಳು.

ಶಾಬಾಶ್ ಎಂದರು ಮಾಸ್ಟರು.

ಕ್ಲಾಸು ಮುಗಿದ ಮೇಲೆ ಆಕೆ ಎಂದಿನಂತೆ ತಾರಸಿಯ ಗೋಡೆಗೆ ಒರಗಿ ಕುಳಿತು, ಎಡಗಡೆಯ ಅಂಗಿ ಸಡಿಲಿಸಿಕೊಂಡು ನನಗಾಗಿ ಕಾದಳು. ಎಣ್ಣೆಯ ಬಾಟಲಿ ನನ್ನ ಕೈಗೆ ಬಂತು. ನಾನು ಅದನ್ನು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಇಟ್ಟೆ.

"ಬ್ಯಾರೇ ಜೋಡಿ ಅದಾರಲ್ಲ, ಅವ್ರ ಕಡೆ ಹಚ್ಚಿಸ್ಕೊ ಹೋಗು," ಎಂದೆ.

ನಾನು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ಆವತ್ತು ಹಚ್ಚಿದ್ದರೆ ಎಲುಬು ಅಲುಗುವುದು ನನ್ನ ಬೆರಳಿಗೆ ತಿಳಿದೇ ತಿಳಿಯುತ್ತಿತ್ತು. ಮಾಸ್ಟರು ಆ ಕಟ್ಟಳೆ ಮಾಡಿದ್ದೇ ಅದಕ್ಕಾಗಿ. ಬದಲಿಗೆ ನಾನು ನಲ್ಲಿಯಲ್ಲಿ ಮುಖ ತೊಳೆದು ಆಫೀಸಿಗೆ ಹೋಗಿ, ಮೆಟ್ಟಿಲು ಜಾರಿದ ಅಮೆರಿಕದ ಹೆಂಗಸರನ್ನು ಸಾಯಂಕಾಲದವರೆಗೆ ಟೈಪು ಮಾಡಿದೆ.

ಶನಿವಾರ ಆಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಮನೆಗೆ ಫೋನು ಮಾಡಿದಾಗ ಗಂಡ ಎತ್ತಿಕೊಂಡು, ತವರಿಗೆ ಹೋಗಿದ್ದಾಳೆ, ಮೈ ಹುಷಾರಿಲ್ಲ ಎಂದ. ದನಿ ಮೊದಲಿನಷ್ಟೇ ಮೃದು. ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಪರೀಕ್ಷೆಗೆ ನಾನು ಹೋದೆ. ದೊಡ್ಡ ಮಾಸ್ಟರು ನನ್ನ ಕಾಲಿಗೆ, ಹೊಟ್ಟೆಗೆ ಹೊಡೆಸಿ ನೋಡಿದರು. ಗೋಡೆಗೆ ಹೊಡೆದಂತಿದೆ ಎಂದರು. ಕಪ್ಪು ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ದಿನ ಅವ್ವ ಶಾವಿಗೆ ಪಾಯಸ ಮಾಡಿದಳು. ಅಪ್ಪ ಪಟ್ಟಿಯನ್ನು ಮುಟ್ಟಿ ನೋಡಿ, ಆ ಮೈಸೂರಿನ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಬಿಟ್ಟು ಹೋದಳು, ಅವಳಿಗೆ ಜೂಡೋ ರುಚಿ ಹತ್ತಿತ್ತು ಎಂದೆ. ಅಪ್ಪ ಪಟ್ಟಿಯಿಂದ ಕೈ ತೆಗೆದರು.

"ನಾ ಅವತ್ತ ನಿನಗ ಹೇಳಿದ್ನಲ್ಲ ಯವ್ವಾ," ಎಂದರು. "ಹಿಡದದ್ದು ಅಂತ."

ಆಮೇಲೆ ಪಾಯಸದ ಬಟ್ಟಲು ಹಾಗೇ ಬಿಟ್ಟು ಎದ್ದರು. ಅಪ್ಪ ಹೇಳಿದ್ದೇನು ಎಂದು ನನಗೆ ತಿಳಿದದ್ದು ಆಗ. ತೋಳಿನ ಒಳಗಡೆ, ಬೆನ್ನು, ಸೊಂಟ, ಪಕ್ಕೆ; ಪ್ರತಿಯೊಂದು ಕಲೆಯೂ, ಅದರ ದಿನವೂ, ಬಣ್ಣವೂ ಸಾಲಾಗಿ ಕಣ್ಣೆದುರು ಬಂದವು. ನಾನು ದಿನಾ ಟೈಪು ಮಾಡುತ್ತಿದ್ದ ಹೆಂಗಸರ ಕಲೆಗಳೇ ಅವು. ಮೈಸೂರಿನ ವಿಳಾಸ ನನ್ನ ಹತ್ತಿರ ಇರಲಿಲ್ಲ. ಹುಡುಕಿದ್ದರೆ ಸಿಗುತ್ತಿತ್ತು. ನಾನು ಹುಡುಕಲಿಲ್ಲ, ಏನೆಂದು ಮುಖ ತೋರಿಸುವುದು ಎಂದು ದಿನ ದೂಡಿದೆ. ಕ್ಲಾಸಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿದೆ.

ಒಂದೂವರೆ ವರ್ಷ ಕಳೆದ ಮೇಲೆ ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯಲ್ಲಿ ಆಕೆ ಸಿಕ್ಕಳು. ರಿಜಿಸ್ಟರ್ ಕಾಗದದ ಸಾಲಿನಲ್ಲಿ ನನಗಿಂತ ಇಬ್ಬರ ಮುಂದೆ ನಿಂತಿದ್ದಳು. ಹಿಂದಿನಿಂದಲೇ ಗುರುತು ಸಿಕ್ಕಿತು. ಆ ಬೆನ್ನು ನನಗೆ ಗೊತ್ತಿಲ್ಲವೇ. ಕರೆಯಬೇಕೋ ಬೇಡವೋ ಎಂದು ನಿಂತಿರುವಾಗ ಆಕೆಯೇ ತಿರುಗಿ ನೋಡಿದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಕೆಲಸ ಮುಗಿಸಿ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕುಳಿತೆವು.

ಗಂಡನನ್ನು ಬಿಟ್ಟಿದ್ದಾಗಿ ಹೇಳಿದಳು. ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ, ವಾಯಿದೆಗೆಂದು ಮೈಸೂರಿನಿಂದ ಬಂದಿದ್ದೇನೆ ಎಂದಳು. ಮದುವೆಯಾದ ಮೂರನೆಯ ತಿಂಗಳಿನಿಂದಲೇ ಹೊಡೆಯುತ್ತಿದ್ದನಂತೆ. ಆ ಗುರುವಾರ ಸಾಯಂಕಾಲ ಉಸಿರಾಡಲು ಆಗದಿದ್ದಾಗ ಅವನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಪಕ್ಕೆಲುಬು ಸೀಳಿತ್ತು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಅವನು ಪಕ್ಕದಲ್ಲೇ ನಿಂತಿದ್ದ. ಕರಾಟೆ ಕ್ಲಾಸಿನಲ್ಲಿ ಜೋಡಿ ಹೊಡೆದಳು ಎಂದು ಹೇಳಿದಳಂತೆ. ಸುಳ್ಳೂ ಅಲ್ಲವಲ್ಲ ಎಂದಳು. ಈಗ ಅವನ ವಕೀಲ ಡಾಕ್ಟರು ಬರೆದ ಆ ಒಂದು ಚೀಟಿಯನ್ನೇ ಹಿಡಿದುಕೊಂಡು, ಮೈಮೇಲೆ ಇದ್ದದ್ದೆಲ್ಲ ಕರಾಟೆಯ ಗಾಯಗಳು ಎಂದು ವಾದಿಸುತ್ತಿದ್ದಾನೆ. ಬೇರೆ ಕಲೆಗಳೆಲ್ಲ ಮಾಯ್ದು ಹೋಗಿವೆ, ಕಾಗದದಲ್ಲಿ ಉಳಿದಿರುವುದು ಅದೊಂದೇ.

ನಾನು ತಡಮಾಡದೆ, ನಾನು ಬಂದು ಹೇಳುತ್ತೇನೆ ಎಂದೆ. ಯಾವ ದಿನ ಯಾವ ಕಲೆ ಎಲ್ಲಿತ್ತು, ಯಾವುದು ನನ್ನದಲ್ಲ, ಎಲ್ಲ ನನ್ನ ನಾಲಗೆಯ ತುದಿಯಲ್ಲಿದೆ ಎಂದೆ. ನಿಜವಾಗಿಯೂ ಇತ್ತು. ಜಗತ್ತಿನಲ್ಲಿ ಆ ಸಾಕ್ಷಿ ಹೇಳಬಲ್ಲವಳು ನಾನೊಬ್ಬಳೇ.

"ಕೊನೇದು?" ಎಂದು ಕೇಳಿದಳು.

ನಾನು ಕೈಯಲ್ಲಿದ್ದ ರಸೀದಿಯನ್ನು ಮಡಿಸಿದೆ.

"ಅದೇ ಕೇಳ್ತಾರೆ ಕಣೇ. ನಮ್ಮ ವಕೀಲರ ಹತ್ರ ನಿನ್ನ ವಿಷಯ ಆಗಲೇ ಮಾತಾಡಿದೀನಿ. ಅವಳನ್ನ ಕರೀಬೇಡಿ ಅಂದ್ರು. ಎಲುಬು ಮುರಿದಿದ್ದು ಯಾರ ಏಟಿಗೆ ಅಂತ ಡಾಕ್ಟರಿಗೂ ಹೇಳೋಕಾಗಲಿಲ್ಲ. ಭಾನುವಾರ ಅವನು, ಗುರುವಾರ ನೀನು. ಇಬ್ರೂ ಒಂದೇ ಜಾಗಕ್ಕೆ ಹೊಡೆದಿದ್ರಿ."

ಎದುರಿನ ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೆ ಒಂದು ನಿಂತಿದ್ದವು. ನನಗೆ ಅಳು ಬಂತು, ಆದರೆ ಆಕೆಯೆದುರು ಅಳುವ ಯೋಗ್ಯತೆ ನನಗಿರಲಿಲ್ಲ. ಬೇರೆ ಜೋಡಿ ಇದ್ದಾರೆಂದು ತಿಳಿದಿದ್ದೆ, ತಪ್ಪಾಯಿತು ಎಂದೆ. ಜೂಡೋ ವಿಷಯವನ್ನೂ ಹೇಳಿದೆ. ಆಕೆ ಅದಕ್ಕೆ ಒಂದು ಸಲ ನಕ್ಕಳು. ಹಳೆಯ ನಗುವಲ್ಲ.

"ಹೊಡೆದಿದ್ದಕ್ಕೆ ನನಗೆ ಏನೂ ಇಲ್ಲ," ಎಂದಳು. "ಅಲ್ಲಿ ಎಲ್ಲರೂ ಹೊಡೀತಿದ್ವಿ. ಅವನೂ ಹೊಡೆದಮೇಲೆ ಅಳ್ತಾ ಕೂತು ತಾನೇ ಮುಲಾಮು ಹಚ್ತಿದ್ದ. ನಮ್ಮ ಕ್ಲಾಸಿನ ಥರಾನೇ ಅಲ್ವಾ, ಹೊಡೆದವರೇ ಹಚ್ತಾರೆ, ಮನಸ್ಸಲ್ಲಿ ಏನೂ ಇರಲ್ಲ ಅಂತ ಎಂಟು ತಿಂಗಳು ತಡ್ಕೊಂಡೆ. ಅವತ್ತು ನೀನು ಹಚ್ಚಲಿಲ್ಲ. ಆ ಬಾಟ್ಲಿ ನೋಡ್ತಾ ಕೂತಿದ್ದಾಗ ಗೊತ್ತಾಯ್ತು, ಹೊಡೆತ ಅಂದ್ರೆ ಬರೀ ಹೊಡೆತ ಅಂತ. ಶನಿವಾರ ಮೈಸೂರಿನ ಬಸ್ಸು ಹತ್ತಿದೆ."

ಇದಕ್ಕೆ ನಿನಗೆ ಥ್ಯಾಂಕ್ಸ್ ಹೇಳಬೇಕೋ ಏನೋ, ನನ್ನ ಕೈಲಿ ಆಗಲ್ಲ ಎಂದಳು.

ಆಕೆ ಎದ್ದು, ಸೀರೆಯ ಹಿಂದಿನ ಧೂಳು ಕೊಡವಿಕೊಂಡು, ಮೆಟ್ಟಿಲಿಳಿದು ಒಂದು ಆಟೋ ನಿಲ್ಲಿಸಿದಳು. ಹತ್ತುವಾಗ ಬಗ್ಗಬೇಕಾಯಿತು, ಬಲಗೈ ತಾನಾಗಿಯೇ ಹೋಗಿ ಎಡಪಕ್ಕೆಯನ್ನು ಹಿಡಿದುಕೊಂಡಿತು. ಅದು ಎಷ್ಟನೆಯ ಎಲುಬು ಎಂದು ನಾನು ನೋಡದೆಯೇ ಹೇಳಬಲ್ಲೆ. ಅದನ್ನು ಯಾರೂ ನನ್ನ ಹತ್ತಿರ ಕೇಳಲಿಲ್ಲ.